ಮಹಡಿ ಮನೆಯ ಹುಡುಗಿಗೆ ಏನು ಕೆಲಸ?

ಮಾರ್ಚ್ ತಿಂಗಳು ಬಂತೆಂದರೆ ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ? ಹಪ್ಪಳ ಸಂಡಿಗೆ ಒಣಹಾಕುವುದು, ಮಕ್ಕಳ ಪರೀಕ್ಷೆ, ಯುಗಾದಿಗೆ ಮನೆ ತೊಳೆಯುವುದು. ನಮ್ಮ ಮನೆಯಲ್ಲಿ ಇವೆಲ್ಲದರ ಜೊತೆಗೆ ಇನ್ನೊಂದು ಚಿಂತೆಯಿದೆ. ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ ಆ ತಿಂಗಳು ರಾತ್ರಿ ಹತ್ತು ಹೊಡೆದರೂ ಮನೆಗೆ ಬಂದಿರುವುದಿಲ್ಲ! ಗೇಟಿಗೆ ಬೀಗ ಹಾಕದೆ ಕಾಯುತ್ತಾ ಕೂರುವುದು ನನಗೆ ಅಭ್ಯಾಸವಾಗಿಹೋಗಿದೆ.

ನಾವಿರುವುದು ಚಂದಾಪುರದಲ್ಲಿ. ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ ದಾಟಿದರೆ ಸಿಗುವ ಊರು. ಇಲ್ಲಿಂದ ಒಂದು ಕಡೆ ಆನೇಕಲ್ಲಿಗೆ, ಇನ್ನೊಂದು ಕಡೆ ದೊಮ್ಮಸಂದ್ರಕ್ಕೆ ದಾರಿ ಒಡೆಯುತ್ತದೆ. ಮೊದಲೆಲ್ಲ ಇಲ್ಲಿ ಮನೆ ಕೇಳಿಕೊಂಡು ಬರುತ್ತಿದ್ದವರು ಕಾರ್ಖಾನೆಯವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಂಪ್ಯೂಟರ್ ಕಂಪನಿಯ ಹುಡುಗರು. ಈಗ ಪಾಠ ಪುಸ್ತಕದವರೂ ಬರುತ್ತಾರೆ. 1999ರಲ್ಲಿ ಶುರುವಾದ ಐ.ಐ.ಐ.ಟಿ. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಆನೇಕಲ್ ರಸ್ತೆಯಲ್ಲಿ ಅಲಯನ್ಸ್ ವಿಶ್ವವಿದ್ಯಾಲಯವಿದೆ, ಸರ್ಜಾಪುರದ ಕಡೆ ಹೋದರೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ನಮ್ಮ ಹುಡುಗಿ ದೂರದಲ್ಲೋ ಹತ್ತಿರದಲ್ಲೋ ಯಾವ ವಿಶ್ವವಿದ್ಯಾಲಯದಲ್ಲಿದ್ದಾಳೆ ಎಂದು ಮಾತ್ರ ಕೇಳಬೇಡಿ. "ಬರೆಯೋದಾದ್ರೆ ಬರೀರಿ ಆಂಟಿ, ಆದ್ರೆ ನನ್ನ ಹೆಸರೂ ಬೇಡ, ಆಫೀಸಿನ ಹೆಸರೂ ಬೇಡ" ಎಂದು ಮೊದಲೇ ಮಾತು ತೆಗೆದುಕೊಂಡಿದ್ದಾಳೆ. ತಿಪಟೂರಿನ ಕಡೆಯವಳು, ಎಂ.ಕಾಂ. ಓದಿದವಳು ಎಂದಷ್ಟೇ ಹೇಳಬಲ್ಲೆ.

ಬಂದ ಹೊಸತರಲ್ಲಿ ನಾನೇ ಕೇಳಿದ್ದೆ. "ವಿಶ್ವವಿದ್ಯಾಲಯ ಅಂತೀಯಲ್ಲ, ಪಾಠ ಮಾಡ್ತೀಯೇನಮ್ಮ?"

"ಇಲ್ಲ ಆಂಟಿ."

"ಹಾಗಾದ್ರೆ ಸಂಶೋಧನೆಯೇ?"

"ಅದೂ ಇಲ್ಲ. ಸಂಶೋಧನೆ ಮಾಡೋ ಪ್ರೊಫೆಸರ್‌ಗಳ ದುಡ್ಡು ಕಾಗದ ನೋಡ್ಕೊಳ್ಳೋದು ನನ್ನ ಕೆಲಸ."

ಗುಮಾಸ್ತೆ ಕೆಲಸವೆಂದು ನಾನು ಸುಮ್ಮನಾದೆ. ಸುಳ್ಳೇಕೆ ಹೇಳಲಿ, ಅದಕ್ಕೆ ಇಷ್ಟೊಂದು ರಾತ್ರಿ ಮಾಡುವುದೇಕೆ ಎಂದು ಯಜಮಾನರ ಮುಂದೆ ಗೊಣಗಿದ್ದೂ ಉಂಟು. ಆಮೇಲೆ ಒಂದು ಭಾನುವಾರ ಅವರೆಕಾಳು ಹಿದುಕುತ್ತಾ ಕೂತಾಗ ಅವಳೇ ಬಿಡಿಸಿ ಹೇಳಿದಳು. ನೀವೂ ಒಮ್ಮೆ ಕೇಳಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಓದುವ ಮಗಳಿದ್ದರೆ, ಓದುತ್ತಿರುವ ಸೊಸೆ ಬರುವುದಿದ್ದರೆ, ಇದು ನಿಮಗೂ ಬೇಕಾದ ಮಾತು.

ಉಗ್ರಾಣದ ಬೀಗದ ಕೈ

ಮದುವೆ ಮನೆಯಲ್ಲಿ ಎಲ್ಲರ ಕಣ್ಣೂ ಹಸೆಮಣೆಯ ಮೇಲೆ. ಆದರೆ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರು ಒಂದು ಗಳಿಗೆ ಕಾಣೆಯಾದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಸಕ್ಕರೆ ಇದ್ದೂ ಪಾಯಸವಿಲ್ಲ! ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯೆಂದರೆ ಆ ಉಗ್ರಾಣ.

ಒಬ್ಬ ಪ್ರಾಧ್ಯಾಪಕರಿಗೆ ಒಂದು ವಿಷಯ ತಲೆಯಲ್ಲಿ ಹೊಳೆಯಿತು ಎನ್ನಿ. ಸಂಬಳ ಬರುವುದು ಪಾಠಕ್ಕೆ. ಹೊಳೆದದ್ದನ್ನು ಮಾಡಿ ನೋಡಲು ಬೇರೆ ಹಣ ಬೇಕು. ಅದನ್ನು ಹೊರಗಿನ ಸಂಸ್ಥೆಗಳಲ್ಲಿ ಕೇಳಬೇಕು. ಕೃಷಿಯ ವಿಷಯವಾದರೆ 1929ರಲ್ಲಿ ಹುಟ್ಟಿದ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು. ಸಮಾಜದ ವಿಷಯಕ್ಕೆ 1969ರ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು. ವಿಜ್ಞಾನಕ್ಕೆ ಹಿಂದೆ ಎಸ್.ಇ.ಆರ್.ಬಿ. ಎಂಬ ಮಂಡಳಿಯಿತ್ತು, 2023ರ ಕಾನೂನಿನಿಂದ ಅದರ ಜಾಗಕ್ಕೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ನಮ್ಮ ರಾಜ್ಯದ್ದೇ ಆದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಿಂದ ಬೆಂಗಳೂರಿನಲ್ಲಿದೆ. ಇವರಲ್ಲಿ ಒಬ್ಬೊಬ್ಬರದು ಒಂದೊಂದು ನಮೂನೆಯ ಅರ್ಜಿ, ಒಂದೊಂದು ಕೊನೆಯ ದಿನ. ಯಾವುದು ಯಾರಿಗೆ ಹೊಂದುತ್ತದೆ, ಯಾವ ಸಹಿ ಎಲ್ಲಿ ಬೀಳಬೇಕು ಎಂದು ನೋಡಿ ಹೇಳುವುದು ಈ ಕಚೇರಿ.

ಅರ್ಜಿಯ ಜೊತೆ ಖರ್ಚಿನ ಪಟ್ಟಿ ಹೋಗಬೇಕು. ಯಂತ್ರ ಸಾಮಾನಿಗೆ ಇಷ್ಟು, ಕೆಲಸಕ್ಕೆ ಬರುವ ಹುಡುಗ ಹುಡುಗಿಯರ ಸಂಬಳಕ್ಕೆ ಇಷ್ಟು, ಔಷಧಿ ಕಾಗದ ಗಾಜಿನ ಸಾಮಾನಿಗೆ ಇಷ್ಟು, ಓಡಾಟಕ್ಕೆ ಇಷ್ಟು. ಕರೆಂಟು, ನೀರು, ಜಾಗಕ್ಕೆಂದು ವಿಶ್ವವಿದ್ಯಾಲಯಕ್ಕೂ ಒಂದು ಪಾಲು, ಅದನ್ನು ಓವರ್‌ಹೆಡ್ ಎನ್ನುತ್ತಾರೆ. ನಾವು ತಿಂಗಳ ಮೊದಲ ದಿನ ಹಾಲಿಗೆ, ದಿನಸಿಗೆ, ಸ್ಕೂಲ್ ಫೀಸಿಗೆ ಎಂದು ಡಬ್ಬಿ ಡಬ್ಬಿಯಲ್ಲಿ ಇಡುವುದಿಲ್ಲವೇ, ಹಾಗೆಯೇ. ಒಂದೇ ವ್ಯತ್ಯಾಸ. ನಾವು ದಿನಸಿಯ ಡಬ್ಬಿಯಿಂದ ತೆಗೆದು ಸೀರೆ ಕಂತಿಗೆ ಕೊಟ್ಟರೆ ಕೇಳುವವರಿಲ್ಲ. ಅಲ್ಲಿ ಒಂದು ಡಬ್ಬಿಯದ್ದನ್ನು ಇನ್ನೊಂದಕ್ಕೆ ಹಾಕಬೇಕಾದರೆ ಕೊಟ್ಟವರ ಅಪ್ಪಣೆ ಬೇಕು.

ಸರ್ಕಾರದ ಹಣ ಕಂತಿನಲ್ಲಿ ಬರುತ್ತದೆ. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಯಿತೆಂದು ಒಂದು ಪ್ರಮಾಣಪತ್ರ ಕೊಡಬೇಕು, ಯು.ಸಿ. ಎಂದು ಅವಳ ಬಾಯಲ್ಲಿ ದಿನವೂ ಕೇಳುತ್ತೇನೆ. ಹಿಂದಿನ ಕಂತಿನ ಯು.ಸಿ. ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕಂತು ನಿಂತರೆ ಪ್ರೊಫೆಸರರ ಸಂಬಳ ನಿಲ್ಲುವುದಿಲ್ಲ. ಪ್ರಾಜೆಕ್ಟಿನ ಹಣದಲ್ಲಿ ಸಂಬಳ ಪಡೆಯುವ ಮಕ್ಕಳ ಕೈ ಖಾಲಿಯಾಗುತ್ತದೆ. ಊರು ಬಿಟ್ಟು ಬಂದು ಹಾಸ್ಟೆಲ್ಲಿನಲ್ಲಿ, ಬಾಡಿಗೆ ರೂಮಿನಲ್ಲಿ ಇರುವ ಮಕ್ಕಳು ಅವರು. "ಒಂದು ಸಹಿ ತಡವಾದ್ರೆ ಯಾರೋ ಒಬ್ಬಳು ಮನೆಗೆ ಫೋನ್ ಮಾಡಿ ಮೆಸ್ ಬಿಲ್ಲಿಗೆ ದುಡ್ಡು ಕೇಳ್ಬೇಕಾಗುತ್ತೆ ಆಂಟಿ. ಅದು ಗೊತ್ತಿದ್ದೂ ಐದು ಗಂಟೆಗೆ ಎದ್ದು ಬರೋಕೆ ಮನಸ್ಸಾಗಲ್ಲ" ಎಂದಳು. ಅಂದಿನಿಂದ ನಾನು ಗೊಣಗುವುದನ್ನು ಬಿಟ್ಟು ಮಾರ್ಚ್ ತಿಂಗಳಲ್ಲಿ ಅವಳಿಗೊಂದು ತಟ್ಟೆ ಮುಚ್ಚಿಡುತ್ತೇನೆ.

ಇನ್ನೊಂದು ತಮಾಷೆ ಕೇಳಿ. ಸರ್ಕಾರ ಕೊಟ್ಟ ಹಣ ಬ್ಯಾಂಕಿನಲ್ಲಿದ್ದು ಬಡ್ಡಿ ಬೆಳೆದರೆ ಆ ಬಡ್ಡಿಯನ್ನೂ ಲೆಕ್ಕ ಹಾಕಿ ಸರ್ಕಾರಕ್ಕೆ ಹಿಂತಿರುಗಿಸಬೇಕು. ಇಷ್ಟು ಕಟ್ಟುನಿಟ್ಟು ನಮ್ಮ ಚೀಟಿ ಹಣದಲ್ಲೂ ಇಲ್ಲ!

ಒಲೆ ಕಟ್ಟಿದ ವಿಜ್ಞಾನಿಗಳು

ಇದೆಲ್ಲ ಆದ ಮೇಲೆ ಸಂಶೋಧನೆಯಿಂದ ನಮಗೇನು ಬಂತು ಎಂದು ನೀವು ಕೇಳಬಹುದು. ನನ್ನ ವಯಸ್ಸಿನವರಿಗೆ ಅಸ್ತ್ರ ಒಲೆ ನೆನಪಿರಬೇಕು. ಮಣ್ಣಿನ ಒಲೆ, ಮೂರು ಪಾತ್ರೆ ಕೂರುವ ಬಾಯಿ, ಹೊಗೆ ಹೋಗಲು ಮಾಡಿನ ಮೇಲೆ ಕೊಳವೆ. ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ಸುರಿಸುತ್ತಾ ಅಡಿಗೆ ಮಾಡುತ್ತಿದ್ದವರಿಗೆ ಅದೊಂದು ಬಿಡುಗಡೆ. ಅದನ್ನು ರೂಪಿಸಿದವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಲ್ಲಿ ಅಸ್ತ್ರ ಎಂಬ ಘಟಕ ಹುಟ್ಟಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯಬೇಕೆಂಬುದು ಅದರ ಗುರಿ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸತೀಶ್ ಧವನ್, ಬಾಹ್ಯಾಕಾಶದ ಕೆಲಸವನ್ನೂ ಹೊತ್ತಿದ್ದವರು. ರಾಕೆಟ್ಟಿನ ಫೈಲನ್ನು ನೋಡುತ್ತಿದ್ದವರ ಕಾಲದಲ್ಲೇ ಮಣ್ಣೊಲೆಯ ಫೈಲಿಗೂ ದಾರಿಯಾಯಿತು ನೋಡಿ.

ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಅವರು ಕೇಂದ್ರ ಮಾಡಿದರು. ಅದೇ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿ ಗ್ಯಾಸಿನಿಂದ ಇಂಜಿನ್ ಓಡಿಸಿ ಮನೆಗಳಿಗೆ ನೀರು, ದೀಪ ಕೊಟ್ಟರು. ಒಲೆಯನ್ನು ಊರೂರಿಗೆ ಹಬ್ಬಿಸುವುದಕ್ಕೆ ರಾಜ್ಯದ ವಿಜ್ಞಾನ ಮಂಡಳಿ ಕೈಜೋಡಿಸಿತು, ಒಲೆ ಕಟ್ಟುವವರಿಗೆ ತರಬೇತಿ ನಡೆಯಿತು. ನನ್ನ ತವರು ಮನೆಯಲ್ಲೂ ಒಂದಿತ್ತು. ಕೊಳವೆಯ ಮಸಿ ತೆಗೆಯಲು ನಾವು ಸೋಮಾರಿತನ ಮಾಡಿದ್ದರಿಂದ ಎರಡು ವರ್ಷಕ್ಕೆ ಮತ್ತೆ ಹೊಗೆ ಶುರುವಾಯಿತು. ಅದು ನಮ್ಮ ತಪ್ಪು, ಒಲೆಯದ್ದಲ್ಲ. ಅಸ್ತ್ರ ಘಟಕ ಇಂದಿಗೂ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ನಡೆದಿದೆ.

ಈ ಕಥೆ ಹೇಳಿದಾಗ ಮಹಡಿಯ ಹುಡುಗಿ ಕೇಳಿದ ಪ್ರಶ್ನೆಯೇ ಬೇರೆ. "ಅಲ್ಲಾ ಆಂಟಿ, ಮಣ್ಣಿಗೆ ಬಿಲ್ ಯಾರು ಕೊಟ್ಟಿರ್ತಾರೆ?"

ನಕ್ಕುಬಿಟ್ಟೆ. ಆದರೆ ಅವಳ ಕಷ್ಟ ಅದೇ. ಊರೊಳಗೆ ಹೋಗಿ ಮಾಡುವ ಸಂಶೋಧನೆಗೆ ಎತ್ತಿನ ಗಾಡಿಯವನು, ಟೆಂಪೋದವನು, ಅಡಿಗೆ ಮಾಡಿ ಹಾಕಿದ ಹೆಂಗಸು, ಇವರಾರೂ ಅಚ್ಚಾದ ರಸೀದಿ ಕೊಡುವುದಿಲ್ಲ. ಬಿಲ್ಲಿಲ್ಲವೆಂದು ಕೊಡದಿದ್ದರೆ ಅವರ ಕೂಲಿ ಹೋಗುತ್ತದೆ, ಕೊಟ್ಟರೆ ಆಡಿಟರ್ ಒಪ್ಪುವುದಿಲ್ಲ. ಅದಕ್ಕೆ ಓಚರ್ ಬರೆದು, ಸಹಿಯೋ ಹೆಬ್ಬೆಟ್ಟೋ ಹಾಕಿಸಿ, ಐದು ಸಾವಿರ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ತರುವಂತೆ ಪ್ರೊಫೆಸರಿಗೆ ಮೊದಲೇ ಹೇಳಿಕೊಡುವುದು ಒಳ್ಳೆಯ ಕಚೇರಿ. ಆಮೇಲೆ ಬಿಲ್ಲನ್ನು ವಾಪಸ್ಸು ಎಸೆಯುವುದು ಕೆಟ್ಟ ಕಚೇರಿ. ಎರಡೂ ಬಗೆಯವು ಇವೆಯಂತೆ.

ಬಾಗಿಲಿಗೆ ಪ್ರಶ್ನೆ ಹಿಡಿದು ಬಂದರೆ

ಆರೋಗ್ಯ, ಆಹಾರದ ಮೇಲೆ ಸಂಶೋಧನೆ ಮಾಡುವವರು ನಿಮ್ಮ ಮನೆಗೂ ಬರಬಹುದು. ಏನು ತಿನ್ನುತ್ತೀರಿ, ಎಷ್ಟು ಮಕ್ಕಳು, ರಕ್ತ ಒಂದು ಹನಿ ಕೊಡುತ್ತೀರಾ ಎನ್ನಬಹುದು. ಹೀಗೆ ಬರುವ ಮೊದಲು ಅವರು ತಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದಿರಬೇಕು. ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದೆಲ್ಲ ಇದೆ. ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರವನ್ನು ಓದಿ ಹೇಳಬೇಕು, ಮಾಹಿತಿಯ ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ಬೇಡ ಎನ್ನುವ ಹಕ್ಕು ನಿಮಗಿದೆ, ಒಪ್ಪಿದ ಮೇಲೆ ನಡುವೆ ಬಿಡುವ ಹಕ್ಕೂ ಇದೆ. ಸಂಕೋಚವಿಲ್ಲದೆ "ಸಮಿತಿ ಒಪ್ಪಿಗೆ ಆಗಿದೆಯಾ?" ಎಂದು ಕೇಳಿ. ಸರಿಯಾದವರು ಬೇಸರಪಡುವುದಿಲ್ಲ.

ಆ ಸಮಿತಿಯಲ್ಲಿ ವೈದ್ಯರು, ವಕೀಲರು ಮಾತ್ರವಲ್ಲ, ಸಾಮಾನ್ಯ ಜನರ ಪರವಾಗಿ ಒಬ್ಬರಾದರೂ ಕೂರಬೇಕು. ಓದುಬರಹ ಬಲ್ಲ, ಊರಿನ ಭಾಷೆ ನಡವಳಿಕೆ ಗೊತ್ತಿರುವ, ವೈದ್ಯಕೀಯ ವೃತ್ತಿಯಲ್ಲದ ವ್ಯಕ್ತಿ ಅದಕ್ಕೆ ಆಗಬಹುದು. ಗೃಹಿಣಿಯಾಗಬಾರದೆಂದು ಎಲ್ಲೂ ಇಲ್ಲ. ಒಪ್ಪಿಗೆ ಪತ್ರದ ಕನ್ನಡ ನಮಗೆ ಅರ್ಥವಾಗುತ್ತದೋ ಇಲ್ಲವೋ ಎಂದು ನಮಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ನಮ್ಮ ಅಕ್ಕನ ಮಗಳ ವಿಷಯ

ಇಷ್ಟೆಲ್ಲ ನಾನು ಕೆದಕಿ ಕೆದಕಿ ಕೇಳಿದ್ದಕ್ಕೆ ಕಾರಣವೊಂದಿದೆ.

ನಮ್ಮ ಅಕ್ಕನ ಮಗಳು ಜೀವರಸಾಯನ ಓದಿದವಳು. 2016ರಲ್ಲಿ ಪಿಎಚ್.ಡಿ.ಗೆ ಸೇರಿದಳು. ರಾಗಿಯಲ್ಲಿರುವ ಸತ್ವ ನಮ್ಮ ಮೈಗೆ ಎಷ್ಟು ಹತ್ತುತ್ತದೆ ಎಂಬುದು ಅವಳ ವಿಷಯ. ರಾಗಿಯಲ್ಲಿ ಸುಣ್ಣ, ಕಬ್ಬಿಣ ಇದ್ದರೂ ಅದರಲ್ಲೇ ಇರುವ ಫೈಟೇಟ್ ಎಂಬುದು ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ನಮ್ಮ ಅಜ್ಜಿಯರು ಬಾಣಂತಿಗೆ, ಮಗುವಿಗೆ ಮೊಳಕೆ ರಾಗಿಯ ಹಿಟ್ಟೇ ಏಕೆ ಮಾಡುತ್ತಿದ್ದರೋ ಅದನ್ನು ಅಳೆದು ತೂಗಿ ನೋಡುವ ಕೆಲಸ. ಎರಡು ವರ್ಷ ಮಾಡಿದಳು. 2018ರಲ್ಲಿ ಹುಬ್ಬಳ್ಳಿಯ ಹುಡುಗನ ಜೊತೆ ಮದುವೆಯಾಯಿತು. ಹುಡುಗ ಒಳ್ಳೆಯವನು, ಓದಬೇಡವೆಂದು ಯಾರೂ ಹೇಳಲಿಲ್ಲ. ಆದರೆ ಹುಬ್ಬಳ್ಳಿಯಿಂದ ಬಂದು ಹೋಗಿ ಮಾಡುವುದು ಹೇಗೆ? ಕಚೇರಿಯಲ್ಲಿ ವಿಚಾರಿಸಿದಾಗ "ಬರೋಕಾಗದಿದ್ರೆ ಬಿಡಬೇಕಾಗುತ್ತೆ" ಎಂದರಂತೆ. ಬಿಟ್ಟಳು. ಮನೆಯಲ್ಲಿ ನಾವು ಕೂಡ, ಪಾಪ, ಮದುವೆಯಾದ ಮೇಲೆ ಇದೆಲ್ಲ ಸಹಜ ಎಂದು ಸಮಾಧಾನ ಹೇಳಿದೆವು.

ಈ ಮಾತು ಕೇಳಿ ಮಹಡಿಯ ಹುಡುಗಿ ಅವರೆಕಾಳಿನ ಪಾತ್ರೆ ಕೆಳಗಿಟ್ಟಳು. "ಯಾರಂದಿದ್ದು ಆಂಟಿ ಬಿಡಬೇಕು ಅಂತ? ರೂಲಿತ್ತಲ್ಲ!"

ಇತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ, ಯು.ಜಿ.ಸಿ., 2016ರ ನಿಯಮದಲ್ಲೇ ಬರೆದಿತ್ತು. ಮದುವೆಯ ಕಾರಣಕ್ಕೋ ಬೇರೆ ಕಾರಣಕ್ಕೋ ಹೆಣ್ಣುಮಗಳು ಊರು ಬದಲಿಸಿದರೆ, ಅವಳು ಅಲ್ಲಿಯವರೆಗೆ ಮಾಡಿದ ಸಂಶೋಧನೆಯ ಮಾಹಿತಿಯನ್ನು ಹೊಸ ಊರಿನ ವಿಶ್ವವಿದ್ಯಾಲಯಕ್ಕೆ ಒಯ್ಯಲು ಬಿಡಬೇಕು. ಆ ಕೆಲಸ ಹೊರಗಿನ ಹಣದಿಂದ ನಡೆಯುವ ಗುರುಗಳ ಪ್ರಾಜೆಕ್ಟಿನದಾಗಿರಬಾರದು. ಹಳೆಯ ಗುರು, ಹಳೆಯ ಸಂಸ್ಥೆಯ ಹೆಸರನ್ನು ಮುಂದೆ ಕೃತಜ್ಞತೆಯಿಂದ ಹೇಳಬೇಕು. ಅಷ್ಟೇ. ನಮ್ಮ ಹುಡುಗಿಯದು ಯಾವ ಪ್ರಾಜೆಕ್ಟಿಗೂ ಸೇರಿರಲಿಲ್ಲ. ಹುಬ್ಬಳ್ಳಿಯ ಮಗ್ಗುಲಲ್ಲೇ ಧಾರವಾಡ, ಅಲ್ಲಿ ವಿಶ್ವವಿದ್ಯಾಲಯಗಳಿಗೇನು ಬರವೇ? ಕಚೇರಿಯಲ್ಲಿ ಒಬ್ಬರು ಪುಸ್ತಕ ತೆಗೆದು ನೋಡಲಿಲ್ಲ. ನಾವೂ ಎರಡನೆಯ ಸಲ ಹೋಗಿ ಕೇಳಲಿಲ್ಲ. ಯಾರನ್ನು ದೂರುವುದು?

ಅದೇ ಬೆಂಗಳೂರಿನಲ್ಲಿ ಇನ್ನೂ ಹಿಂದೆ ನಡೆದದ್ದು ನಿಮಗೆ ಗೊತ್ತಿರಬಹುದು. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿಯಲ್ಲಿ ಪದವಿ ಪಡೆದು ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಳು. ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ತಿರಸ್ಕರಿಸಿದರು. ಹುಡುಗಿ ಬಿಡಲಿಲ್ಲ, ಎದುರಿಗೇ ಹೋಗಿ ನಿಂತಳು. ಕೊನೆಗೆ ಒಂದು ವರ್ಷ ನೋಡೋಣವೆಂದು, ಷರತ್ತು ಹಾಕಿ ಸೇರಿಸಿಕೊಂಡರು. ಆಕೆ ಅಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದಳು. ನಮ್ಮ ಅಡಿಗೆ ಮನೆಯದ್ದೇ ವಿಷಯ! ಮುಂದೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದು ಕಮಲಾ ಸೊಹೊನಿಯೆಂದು ಹೆಸರಾದಳು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಆಕೆಯನ್ನು ನೆನೆಯುತ್ತಾರೆ. ಅಂದು ಆಕೆಯ ಕೈಯಲ್ಲಿ ಯಾವ ನಿಯಮವೂ ಇರಲಿಲ್ಲ, ಹಟವೊಂದೇ ಇತ್ತು. ಇಂದು ನಿಯಮವಿದೆ. ತಿಳಿದಿರುವುದು ನಮ್ಮ ಪಾಲಿಗೆ ಬಿಟ್ಟದ್ದು.

ಆದ್ದರಿಂದ ಹುಡುಗಿಯ ಹತ್ತಿರ ಕೂತು ಬರೆಸಿಕೊಂಡದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಈಗ ನಡೆಯುತ್ತಿರುವುದು ಯು.ಜಿ.ಸಿ.ಯ 2022ರ ನಿಯಮ. ಊರು ಬದಲಾದರೆ ಮಾಹಿತಿ ಒಯ್ಯುವ ಅವಕಾಶ ಅದರಲ್ಲೂ ಇದೆ. ಪಿಎಚ್.ಡಿ.ಗೆ ಕಡಿಮೆಯೆಂದರೆ ಮೂರು ವರ್ಷ, ಹೆಚ್ಚೆಂದರೆ ಆರು. ಮುಗಿಯದಿದ್ದರೆ ಮರುನೋಂದಣಿ ಮಾಡಿಸಿ ಎರಡು ವರ್ಷ ಪಡೆಯಬಹುದು, ಹೆಣ್ಣುಮಕ್ಕಳಿಗೆ ಅದರ ಮೇಲೆ ಇನ್ನೂ ಎರಡು ಕೊಡಬಹುದು, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಹೆರಿಗೆಗೆ, ಮಗುವಿನ ಆರೈಕೆಗೆ ಎಲ್ಲ ಸೇರಿ 240 ದಿನದವರೆಗೆ ರಜೆ ಕೊಡಬಹುದು. ಇದನ್ನು ಅರ್ಜಿ ಬರೆದು ಕೇಳಬೇಕು, ತಾನಾಗಿ ಬರುವುದಿಲ್ಲ. ಕೊಟ್ಟ ಅರ್ಜಿಯ ಒಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡು ಇಟ್ಟುಕೊಳ್ಳಲು ಹೇಳಿ. "ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಬರುತ್ತೆ ಆಂಟಿ. ಕಾಗದದಲ್ಲಿ ಕೇಳಿದ್ರೆ ಯಾರಾದ್ರೂ ರೂಲ್ ಬುಕ್ ತೆಗೀಲೇಬೇಕು" ಎನ್ನುವುದು ಅವಳ ಅನುಭವ.

ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಸಿಕ್ಕಿದ ಮಗಳಿಗೆ 2023ರ ಜನವರಿಯಿಂದ ಗೊತ್ತಾಗಿರುವ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ, ಹಿರಿಯ ಹಂತಕ್ಕೆ ಹೋದರೆ 42,000. ಓದಿಗಾಗಿ ತಂದೆ ಸಾಲ ಮಾಡಬೇಕಾಗಿಲ್ಲ ಎಂಬುದನ್ನು ನಮ್ಮ ಎಷ್ಟೋ ಮನೆಗಳು ಇನ್ನೂ ತಿಳಿದಿಲ್ಲ. ಜೆ.ಆರ್.ಎಫ್.ಗೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ. ಮದುವೆ ಮಕ್ಕಳೆಂದು ನಡುವೆ ಬಿಟ್ಟವರಿಗೂ ಒಂದು ದಾರಿಯಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ಮಹಿಳೆಯರಿಗೆಂದೇ ವೈಸ್-ಪಿಎಚ್.ಡಿ. ಎಂಬ ಫೆಲೋಶಿಪ್ ಇದೆ, 27ರಿಂದ 45 ವಯಸ್ಸಿನವರೆಗೆ. ವಿಜ್ಞಾನದ ವಿಷಯಗಳಿಗೆ ಮಾತ್ರ.

ಆ 45 ಎಂಬ ಸಂಖ್ಯೆ ಕೇಳಿದವಳೇ ನಾನು ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳಿಗೆ ಇನ್ನೂ ನಲವತ್ತೇ ಆಗಿಲ್ಲ. ಮಗ ಒಂದನೇ ಕ್ಲಾಸು. ಮೊದಲು ನಕ್ಕಳು, "ಈಗೆಲ್ಲಿ ಚಿಕ್ಕಮ್ಮ, ಎಲ್ಲಾ ಮರೆತುಹೋಗಿದೆ" ಎಂದಳು. ಫೋನನ್ನು ಮಹಡಿಯ ಹುಡುಗಿಯ ಕೈಗೆ ಕೊಟ್ಟೆ. ಅವರಿಬ್ಬರೂ ಏನು ಮಾತಾಡಿದರೋ, ಮುಕ್ಕಾಲು ಗಂಟೆ.

ದಸರಾ ರಜೆಗೆ ಮಗನನ್ನು ಕರೆದುಕೊಂಡು ಬಂದಳು. ಸೂಟ್‌ಕೇಸಿನ ಅಡಿಯಲ್ಲಿ ಸೀರೆಗಳ ಕೆಳಗೆ ನಾಲ್ಕು ದಪ್ಪ ನೋಟ್ ಪುಸ್ತಕ, ನುಸಿ ಗುಳಿಗೆ ವಾಸನೆ. ಏಳು ವರ್ಷ ಬೀರುವಿನಲ್ಲಿಟ್ಟಿದ್ದಳಂತೆ, ಎಸೆಯಲು ಮನಸ್ಸಾಗಿರಲಿಲ್ಲ. ಮಹಡಿಯ ಮೇಲೆ ಇಬ್ಬರೂ ಕೂತು ಒಂದೊಂದೇ ಹಾಳೆ ತಿರುವಿ ಹಾಕಿದರು. ಹಳೆಯ ನೋಂದಣಿ ಉಳಿದಿಲ್ಲ, ಹೊಸದಾಗಿ ಸೇರಬೇಕು. ಕೆಲವು ಪ್ರಯೋಗಗಳನ್ನು ಮತ್ತೆ ಮಾಡಬೇಕು. ಕೆಲವು ಲೆಕ್ಕ ಈಗಲೂ ಉಪಯೋಗಕ್ಕೆ ಬರಬಹುದು, ಹೊಸ ಗೈಡ್ ಒಪ್ಪಬೇಕು. ಬೇಕಾದ ಕಾಗದಗಳ ಪಟ್ಟಿ ಮಾಡಿದರೆ ಏಳು ಬಂತು, ಕೈಯಲ್ಲಿದ್ದದ್ದು ಮೂರು. ಮೊದಲನೆಯದಕ್ಕೆ ಹಳೆಯ ಸಂಸ್ಥೆಗೇ ಹೋಗಬೇಕು. ಬಾಯಲ್ಲಿ ಕೇಳಕೂಡದು ಎಂದು ಹುಡುಗಿ ತಾನೇ ಅರ್ಜಿ ಬರೆದುಕೊಟ್ಟಿದ್ದಾಳೆ, ಎರಡು ಪ್ರತಿ.

ಸೋಮವಾರ ಬೆಳಿಗ್ಗೆ ಹೊರಡುತ್ತಾಳೆ. ಮಗು ನನ್ನ ಹತ್ತಿರ ಇರುತ್ತದೆ.